ಚಾಮಯ್ಯ ಮೇಷ್ಟ್ರ ಮೇಲಿನ ತೀರ್ಪು: ‘ನಾಗರಹಾವು’ ಮತ್ತು ಅದರ ನೋಡುಗರು

‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ಓಟವೆಲ್ಲ 1973ರಲ್ಲೇ ನಡೆದದ್ದರಿಂದ ಹಲವರ ನೆನಪಿನಲ್ಲಿ ಅದು ಎಪ್ಪತ್ಮೂರರ ಚಿತ್ರ. ನಿರ್ದೇಶಕರು ಎಸ್.ಆರ್. ಪುಟ್ಟಣ್ಣ ಕಣಗಾಲ್, ನಿರ್ಮಾಪಕರು ಈಶ್ವರಿ ಸಂಸ್ಥೆಯ ಎನ್. ವೀರಾಸ್ವಾಮಿ. ತ.ರಾ.ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಚಿತ್ರಕಥೆ ಮಾಡಲಾಗಿತ್ತು. ವಿಜಯಭಾಸ್ಕರ್ ಅವರ ಸಂಗೀತ, ಚಿಟ್ಟಿಬಾಬು ಅವರ ಛಾಯಾಗ್ರಹಣ. ಅದೇ ವರ್ಷದ ‘ವಂಶವೃಕ್ಷ’ದಲ್ಲಿ ಸಣ್ಣ ಪಾತ್ರ ಮಾಡಿದ್ದ ಸಂಪತ್ ಕುಮಾರ್ ಎಂಬ ಯುವಕ ಇಲ್ಲಿ ವಿಷ್ಣುವರ್ಧನ್ ಎಂಬ ಹೆಸರಿನಲ್ಲಿ ನಾಯಕನಾದ. ಪಿಟೀಲು ಚೌಡಯ್ಯನವರ ಮೊಮ್ಮಗ ಅಮರನಾಥ್ ಅಂಬರೀಷ್ ಆಗಿ, ಜಲೀಲನೆಂಬ ಪುಂಡನ ಪಾತ್ರದಿಂದ ಚಿತ್ರರಂಗಕ್ಕೆ ಕಾಲಿಟ್ಟ. ಮುಂದಿನ ನಾಲ್ಕು ದಶಕ ಕನ್ನಡ ಚಿತ್ರರಂಗದಲ್ಲಿ ದೊಡ್ಡ ಹೆಸರಾಗಿ ಉಳಿದ ಇಬ್ಬರು ನಟರು ಒಂದೇ ಚಿತ್ರದಿಂದ ಮೇಲೆ ಬಂದದ್ದು ಅಪರೂಪವೇ ಸರಿ. ಆದರೆ ಈ ಚಿತ್ರ ನೋಡಿದವರು ಐವತ್ತು ವರ್ಷಗಳಿಂದ ವಾದಿಸುತ್ತ ಬಂದಿರುವುದು ಈ ಇಬ್ಬರ ಬಗ್ಗೆ ಅಲ್ಲ, ಕೆ.ಎಸ್. ಅಶ್ವತ್ಥ್ ಮಾಡಿದ ಚಾಮಯ್ಯ ಮೇಷ್ಟ್ರ ಬಗ್ಗೆ.

ಕಥೆ ನಡೆಯುವುದು ಚಿತ್ರದುರ್ಗದಲ್ಲಿ. ರಾಮಾಚಾರಿ ಮಾಧ್ವ ಮನೆತನದ ಹುಡುಗ. ಒರಟ, ಮುಂಗೋಪಿ, ಅವಮಾನವನ್ನು ಮರೆಯಲಾರದವನು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು ಕಾಲೇಜಿನಿಂದ ಸಸ್ಪೆಂಡ್ ಆದದ್ದಕ್ಕೆ ರಾತ್ರಿ ಪ್ರಿನ್ಸಿಪಾಲರ ಮನೆಗೆ ಕಲ್ಲು ತೂರಿ, ಹೊರಬಂದವರನ್ನು ಅರೆಬೆತ್ತಲೆ ಕಂಬಕ್ಕೆ ಕಟ್ಟಿ ಓಡಿಹೋಗುವಷ್ಟು ಸೇಡು ಅವನದು. ಅಪ್ಪ-ಅಮ್ಮನ ಮಾತಿಗೂ ಬಗ್ಗದ ಇವನು ತಲೆಬಾಗುವುದು ಹಿಂದೆ ಪಾಠ ಹೇಳಿದ್ದ ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಗೆಳೆಯ ವರದನ ತಂಗಿ ಅಲಮೇಲುವನ್ನು ಜಲೀಲ ಕಾಡುತ್ತಿರುತ್ತಾನೆ. ಅವನ ಕಾಟ ತಪ್ಪಿಸಿದರೆ ತಂಗಿಯನ್ನೇ ಕೊಡುತ್ತೇನೆಂದು ವರದ ಮಾತು ಕೊಡುತ್ತಾನೆ. ಜಲೀಲ ಸೋಲುತ್ತಾನೆ, ಪ್ರೀತಿ ಬೆಳೆಯುತ್ತದೆ. ಮದುವೆಯ ಮಾತು ಬಂದಾಗ ಮಾತ್ರ ವರದ ಹಿಂಜರಿಯುತ್ತಾನೆ. ಅಲಮೇಲು ಅಯ್ಯಂಗಾರರ ಮನೆಯ ಹುಡುಗಿ. ಜಾತಿಯವರು ಹೊರಗಿಟ್ಟಾರು ಎಂಬ ಭಯ. ಹುಡುಗಿಯನ್ನು ಬಿಟ್ಟುಕೊಡು ಎಂದು ರಾಮಾಚಾರಿಯನ್ನು ಒಪ್ಪಿಸುವ ಕೆಲಸ ಮೇಷ್ಟ್ರ ಪಾಲಿಗೆ ಬರುತ್ತದೆ. ಅವರು ತ್ಯಾಗದ ಮಾತಾಡುತ್ತಾರೆ, ಇವನು ಒಪ್ಪುತ್ತಾನೆ. ಅಲಮೇಲು ಬೇರೊಬ್ಬನ ಕೈಹಿಡಿದು ಊರು ಬಿಡುತ್ತಾಳೆ.

ಎರಡನೆಯ ಭಾಗದಲ್ಲಿ ಕ್ರೈಸ್ತ ಹುಡುಗಿ ಮಾರ್ಗರೆಟ್ ಬರುತ್ತಾಳೆ. ಜಗಳದಿಂದ ಶುರುವಾದದ್ದು ಪ್ರೀತಿಯಲ್ಲಿ ನಿಲ್ಲುತ್ತದೆ. ಈ ನಡುವೆ ಒಂದು ಹೋಟೆಲಿನಲ್ಲಿ ರಾಮಾಚಾರಿಗೆ ಅಲಮೇಲು ಮತ್ತೆ ಸಿಗುತ್ತಾಳೆ. ಕಟ್ಟಿಕೊಂಡ ಗಂಡನೇ ಅವಳನ್ನು ಮೈಮಾರುವ ದಂಧೆಗೆ ದೂಡಿದ್ದಾನೆ. ಮಾರ್ಗರೆಟ್‌ಳನ್ನು ಮದುವೆಯಾಗಲು ಹೊರಟ ರಾಮಾಚಾರಿಯನ್ನು ಮೇಷ್ಟ್ರು ಎರಡನೆಯ ಬಾರಿ ತಡೆಯುತ್ತಾರೆ. ಈ ಸಲ ಅಡ್ಡ ಬರುವುದು ಧರ್ಮ. ದುರ್ಗದ ಬಂಡೆಗಳ ಮೇಲೆ ನಡೆಯುವ ಆ ಕೊನೆಯ ವಾಗ್ವಾದದಲ್ಲಿ ಶಿಷ್ಯನ ಕೈಯಿಂದಲೇ ಮೇಷ್ಟ್ರು ಕೆಳಗೆ ಬಿದ್ದು ಸಾಯುತ್ತಾರೆ. ಅದರ ಬೆನ್ನಲ್ಲೇ ಪ್ರೇಮಿಗಳೂ ಪ್ರಾಣ ಕಳೆದುಕೊಳ್ಳುತ್ತಾರೆ.

ಮೊದಲ ವಾರಗಳಲ್ಲಿ ಚಿತ್ರಮಂದಿರಕ್ಕೆ ಬಂದವರಿಗೆ ದುಃಖದ ಮುಕ್ತಾಯ ಹೊಸದಾಗಿರಲಿಲ್ಲ. ಪುಟ್ಟಣ್ಣನವರ ‘ಗೆಜ್ಜೆಪೂಜೆ’ (1969), ‘ಶರಪಂಜರ’ (1971) ಎರಡನ್ನೂ ಕಂಡು ಕಣ್ಣೊರೆಸಿಕೊಂಡೇ ಎದ್ದಿದ್ದ ಜನ ಅದು. ಆ ಚಿತ್ರಗಳು ಹೆಂಗಸರ ಚಿತ್ರಗಳೆಂದು ಹೆಸರಾಗಿದ್ದವು. ಮ್ಯಾಟಿನಿ ಆಟಕ್ಕೆ ನೆರೆಹೊರೆಯವರೆಲ್ಲ ಕೂಡಿ ಹೋಗುವಂಥವು. ‘ನಾಗರಹಾವು’ ಅದೇ ನಿರ್ದೇಶಕನನ್ನು ಗಾಂಧಿ ಕ್ಲಾಸಿನ ಹುಡುಗರಿಗೆ ಪರಿಚಯಿಸಿತು. ಅದೇ ವರ್ಷ ಊರೂರಲ್ಲೂ ಓಡುತ್ತಿದ್ದ ‘ಬಂಗಾರದ ಮನುಷ್ಯ’ದ ರಾಜೀವ ತಾಳ್ಮೆಯ ಮೂರ್ತಿ, ಅವನನ್ನು ಮೆಚ್ಚಿ ಮನೆಗೆ ಹೋದ ಪ್ರೇಕ್ಷಕನ ಎದುರಿಗೆ ರಾಮಾಚಾರಿ ಮುಷ್ಟಿ ಬಿಗಿದು ನಿಂತ. ಹಿಂದಿಯ ‘ಜಂಜೀರ್’ ಬಂದದ್ದು ಇದಾದ ಮೇಲೆ, 1973ರ ಬೇಸಿಗೆಯಲ್ಲಿ. ಸಿಟ್ಟಿನ ಯುವಕ ಎಂಬ ಪಾತ್ರವನ್ನು ಮುಂಬಯಿ ಕಂಡುಹಿಡಿಯಿತೆಂದು ನಂಬಿದವರು ಈ ಎರಡು ತಾರೀಕುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬಹುದು.

ಆಗಿನ ಅಭಿಪ್ರಾಯಗಳು ಬಹಳ ಮಟ್ಟಿಗೆ ಮೆಚ್ಚುಗೆಯವೇ. ‘ಬಾರೇ ಬಾರೇ’ ಹಾಡನ್ನು ಪೂರ್ತಿಯಾಗಿ ಸ್ಲೋ ಮೋಷನ್‌ನಲ್ಲಿ ತೆಗೆದದ್ದು ಜನರ ಬಾಯಲ್ಲಿ ದೊಡ್ಡ ಸುದ್ದಿ. ಪಿ.ಬಿ. ಶ್ರೀನಿವಾಸರ ದನಿಗೆ ತಕ್ಕಂತೆ ಅಲಮೇಲು ಗಾಳಿಯಲ್ಲಿ ತೇಲಿ ಬರುವುದನ್ನು ನೋಡಲೆಂದೇ ಮತ್ತೆ ಟಿಕೆಟ್ ಕೊಂಡವರಿದ್ದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಹಾವಿನ ದ್ವೇಷ’ ಹುಡುಗರ ಬಾಯಿಪಾಠವಾಯಿತು. ಜಲೀಲನ ಪಾತ್ರ ಇರುವುದು ಕೆಲವೇ ದೃಶ್ಯಗಳಲ್ಲಿ. ಆದರೂ ಅವನು ಸಿಗರೇಟನ್ನು ಬಾಯಲ್ಲೇ ತಿರುಗಿಸುವ ವರಸೆ, ಅಲಮೇಲುವನ್ನು ‘ಬುಲ್‌ಬುಲ್’ ಎಂದು ಕರೆಯುವ ಧಾಟಿ ಬೀದಿಗೆ ಇಳಿದವು; ನಲವತ್ತು ವರ್ಷದ ಮೇಲೆ ಆ ಕರೆಯೇ ಇನ್ನೊಂದು ಕನ್ನಡ ಚಿತ್ರದ ಹೆಸರಾಯಿತು. ಮೊದಲ ಬಾರಿ ನಾಯಕನಾದ ವಿಷ್ಣುವರ್ಧನ್‌ಗೆ ಅತ್ಯುತ್ತಮ ನಟ ರಾಜ್ಯ ಪ್ರಶಸ್ತಿ ಬಂತು. ಇವೆಲ್ಲದರ ಗದ್ದಲದಲ್ಲಿ ಕಥೆಯ ತಪ್ಪು-ಒಪ್ಪು ಕೇಳುವಷ್ಟು ವ್ಯವಧಾನ ಪ್ರೇಕ್ಷಕನಿಗೆ ಇರಲಿಲ್ಲ.

ಮೆಚ್ಚದೆ ಹೋದವರಲ್ಲಿ ಮೊದಲ ಹೆಸರು ಕಾದಂಬರಿಕಾರನದೇ. ಪುಟ್ಟಣ್ಣ ತನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಬೇಸರಪಟ್ಟ ಸಂಗತಿ ಕನ್ನಡ ಚಿತ್ರರಂಗದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದುರ್ಗದ ಸೀಮೆಯಲ್ಲೇ ಬೆಳೆದು, ಅಲ್ಲಿನ ಪಾಳೆಯಗಾರರ ಚರಿತ್ರೆಯನ್ನು ಕಾದಂಬರಿಗಳ ಸರಣಿಯಾಗಿ ಬರೆದ ಲೇಖಕರಿಗೆ ಆ ಊರೂ ಆ ಹುಡುಗನೂ ಅಂಗೈ ಗೆರೆಯಷ್ಟು ಪರಿಚಿತ. ಮೂರು ಪುಸ್ತಕಗಳಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವ ಮನಸ್ಸನ್ನು ಮೂರು ಗಂಟೆಯಲ್ಲಿ, ಹಾಡು-ಹೊಡೆದಾಟಗಳ ನಡುವೆ ತೋರಿಸಬೇಕಾದಾಗ ಒಂದಷ್ಟು ವಿಷ ಇಳಿದುಹೋಗುವುದು ಸಹಜ. ಓದಿ ನೋಡಿದವರಲ್ಲಿ ಕೆಲವರು ಲೇಖಕರ ಪರ, ಓದದೆ ನೋಡಿದವರು ಬಹುಪಾಲು ನಿರ್ದೇಶಕರ ಪರ. ಈ ಹಂಚಿಕೆಯಲ್ಲಿ ಆಶ್ಚರ್ಯವೇನಿಲ್ಲ. ಲೇಖಕರ ಅಸಮಾಧಾನ ಅವರ ಕೃತಿಗಳಿಂದ ಪುಟ್ಟಣ್ಣನವರನ್ನು ದೂರ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ನಿರ್ದೇಶಕರ ಕೊನೆಯ ಚಿತ್ರ ‘ಮಸಣದ ಹೂವು’ ತ.ರಾ.ಸು. ಕಾದಂಬರಿಯದೇ. 1985ರಲ್ಲಿ ಪುಟ್ಟಣ್ಣ ತೀರಿಕೊಂಡಾಗ ಅದು ಇನ್ನೂ ಮುಗಿದಿರಲಿಲ್ಲ. ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ. ವೇಶ್ಯಾವಾಟಿಕೆಯ ಹೆಣ್ಣುಗಳ ಕಥೆ ಅದು. ಅಲಮೇಲುವಿನ ಕೊನೆಯ ದೃಶ್ಯದಲ್ಲಿ ಪುಟ್ಟಣ್ಣ ಅರ್ಧಕ್ಕೆ ಬಿಟ್ಟ ಮಾತು ಅಲ್ಲಿ ಮುಂದುವರಿಯಿತು ಎಂದು ಹೇಳಲು ಅಡ್ಡಿಯಿಲ್ಲ.

ಇನ್ನು ಮೇಷ್ಟ್ರು. ಅಶ್ವತ್ಥ್ ಅವರ ಚಾಮಯ್ಯ ಕನ್ನಡಿಗರ ಪಾಲಿಗೆ ಶಾಲಾ ಮಾಸ್ತರಿಕೆಯ ಅಚ್ಚಾಗಿ ನಿಂತ ಪಾತ್ರ. ಮೃದು ಮಾತು, ಮಕ್ಕಳಿಲ್ಲದ ಮನೆ, ಲೀಲಾವತಿಯವರ ತುಂಗಮ್ಮ, ಊರೆಲ್ಲ ಬೈಯುವ ಹುಡುಗನನ್ನು ಕೂರಿಸಿ ಊಟ ಹಾಕುವ ಅಂತಃಕರಣ. ರಾಮಾಚಾರಿ ‘ಮೇಷ್ಟ್ರೇ’ ಎಂದು ಕೂಗುವ ಆ ದನಿಯಲ್ಲೇ ಅರ್ಧ ಚಿತ್ರ ನಿಂತಿದೆ. ಎಪ್ಪತ್ತರ ದಶಕದಲ್ಲಿ ಇದನ್ನು ನೋಡಿದ ಹಳ್ಳಿ-ಪಟ್ಟಣಗಳ ಪ್ರೇಕ್ಷಕರಿಗೆ ಇಂಥ ಮೇಷ್ಟ್ರೊಬ್ಬರು ಸ್ವಂತ ಬದುಕಿನಲ್ಲೂ ಇದ್ದರು. ತಂದೆಯ ಎದುರು ನಿಂತು ಮಾತಾಡದವನು ಮೇಷ್ಟ್ರ ಹತ್ತಿರ ಅಳಬಹುದಾಗಿದ್ದ ಕಾಲ. ಹಾಗಾಗಿ ಮೇಷ್ಟ್ರು ಕೇಳಿದಾಗ ಪ್ರೀತಿಯನ್ನು ಬಿಟ್ಟುಕೊಡುವುದು ಆ ಪ್ರೇಕ್ಷಕನಿಗೆ ಗುರುದಕ್ಷಿಣೆಯಾಗಿ ಕಂಡಿತು. ಹೆಬ್ಬೆರಳು ಕೇಳಿದ ದ್ರೋಣನ ನೆನಪು ಆಗಲೂ ಕೆಲವರಿಗೆ ಬಂದಿರಬೇಕು. ಬಂದರೂ ಅವರು ಹೊಗಳಿದ್ದು ಏಕಲವ್ಯನನ್ನು, ಬೈದದ್ದು ದ್ರೋಣನನ್ನಲ್ಲ.

ಕಾಲ ಕಳೆದಂತೆ ತಿರುಗಿದ್ದು ಈ ತೀರ್ಪು. ಮೇಷ್ಟ್ರೇ ಇಡೀ ದುರಂತದ ಕಾರಣ ಎಂಬ ಮಾತು ಮೊದಲು ಪಿಸುಮಾತಾಗಿ, ಆಮೇಲೆ ಗಟ್ಟಿಯಾಗಿ ಕೇಳಿಬಂತು. ವಾದ ಹೀಗೆ: ಹುಡುಗ-ಹುಡುಗಿ ಒಪ್ಪಿದ್ದರು. ಹುಡುಗಿಯ ಅಣ್ಣನೇ ಮಾತು ಕೊಟ್ಟಿದ್ದ. ಎರಡೂ ಬ್ರಾಹ್ಮಣ ಮನೆತನಗಳು. ನಡುವೆ ಇದ್ದದ್ದು ಮತಾಚಾರದ ಗೋಡೆ. ಅದನ್ನು ದಾಟಿಸುವ ಶಕ್ತಿ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಎಲ್ಲರೂ ಗೌರವಿಸುತ್ತಿದ್ದ ಮೇಷ್ಟ್ರಿಗೇ. ಅವರು ಆ ಗೌರವವನ್ನು ಖರ್ಚು ಮಾಡಿದ್ದು ಹಿರಿಯರ ಮನಸ್ಸು ಬದಲಿಸಲು ಅಲ್ಲ, ಹುಡುಗನ ಬಾಯಿ ಮುಚ್ಚಿಸಲು. ಮೇಲಾಗಿ, ಅಲಮೇಲುವನ್ನು ಯಾರೂ ಕೇಳಲೇ ಇಲ್ಲ. ತ್ಯಾಗ ಮಾಡಿದವನು ರಾಮಾಚಾರಿ ಎಂದು ಚಿತ್ರ ಹೇಳುತ್ತದೆ, ಬೆಲೆ ತೆತ್ತವಳು ಅವಳು.

ಗಮನಿಸಬೇಕಾದ್ದು, ಈ ಆರೋಪ ಪ್ರೇಕ್ಷಕರು ಹೊಸದಾಗಿ ಹೊರಿಸಿದ್ದಲ್ಲ. ಅದು ಚಿತ್ರದೊಳಗೇ ಇದೆ. ಹೋಟೆಲಿನಲ್ಲಿ ಅಲಮೇಲುವನ್ನು ಕಂಡು ಬಂದ ರಾಮಾಚಾರಿ, ನಿಮ್ಮ ಮಾತು ಕೇಳಿದ್ದರ ಫಲ ಇದು ಎಂದು ಮೇಷ್ಟ್ರ ಮುಖಕ್ಕೇ ಹೇಳುತ್ತಾನೆ. ಪುಟ್ಟಣ್ಣ ದೋಷಾರೋಪಪಟ್ಟಿಯನ್ನು ಸ್ಪಷ್ಟವಾಗಿಯೇ ಓದಿದ್ದಾರೆ. ಕೇಳಿಸಿಕೊಳ್ಳಲು ಪ್ರೇಕ್ಷಕರಿಗೆ ಇಪ್ಪತ್ತು ಮೂವತ್ತು ವರ್ಷ ಹಿಡಿಯಿತು, ಅಷ್ಟೆ. ತಡವಾದದ್ದಕ್ಕೆ ಅಶ್ವತ್ಥ್ ಅವರ ಅಭಿನಯವೂ ಒಂದು ಕಾರಣ. ಆರೋಪ ಕೇಳಿದ ಕ್ಷಣದಲ್ಲಿ ಅವರ ಮುಖ ಕುಸಿಯುವ ರೀತಿಗೆ ಕರಗದವರಿಲ್ಲ. ಕಣ್ಣೀರು ಬಂದ ಮೇಲೆ ವಿಚಾರಣೆ ಅಲ್ಲಿಗೇ ನಿಂತಿತು. ಇನ್ನೊಬ್ಬ ನಟನ ಕೈಗೆ, ತುಸು ಗಡುಸು ದನಿಯವನಿಗೆ ಈ ಪಾತ್ರ ಸಿಕ್ಕಿದ್ದರೆ ಮೇಷ್ಟ್ರು ಎಪ್ಪತ್ಮೂರರಲ್ಲೇ ಖಳನಾಗುತ್ತಿದ್ದರು. ತಮಗೆ ತಿಳಿದ ಒಳ್ಳೆಯತನವನ್ನೇ ಮಾಡುತ್ತ ಎರಡು ಬಾಳು ಕೆಡಿಸಿದ ಮನುಷ್ಯನನ್ನು ಪ್ರೀತಿಸುವಂತೆಯೂ ಕ್ಷಮಿಸದಂತೆಯೂ ತೋರಿಸಿರುವುದು ಈ ಚಿತ್ರದ ನಿಜವಾದ ಸಾಧನೆ. ಆ ಸಾಧನೆಯಲ್ಲಿ ನಟನದೇ ಹೆಚ್ಚಿನ ಪಾಲು.

ಮೇಷ್ಟ್ರ ಪರ ವಾದಿಸುವವರು ಇಂದಿಗೂ ಇದ್ದಾರೆ, ಅವರ ಮಾತೂ ಪೂರ್ತಿ ಹಗುರವಲ್ಲ. ಅಲಮೇಲುವಿನ ಗಂಡ ಅಂಥವನೆಂದು ಯಾರಿಗೆ ಗೊತ್ತಿತ್ತು? ಹತ್ತು ಮದುವೆಗಳಲ್ಲಿ ಒಂಬತ್ತು ಹೀಗೆಯೇ ಹಿರಿಯರ ಮಾತಿನ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಮೇಷ್ಟ್ರು ಬೇರೆ ಏನು ಹೇಳಬಹುದಿತ್ತು? ಗಂಡನ ನೀಚತನವನ್ನು ಮೇಷ್ಟ್ರ ತಲೆಗೆ ಕಟ್ಟುವುದು ಕಥೆ ಹೆಣೆದವರ ಜಾಣತನ, ನ್ಯಾಯವಲ್ಲ ಎನ್ನುತ್ತಾರೆ ಇವರು. ಈ ವಾದ ಅಲಮೇಲುವಿನ ಮಟ್ಟಿಗೆ ನಿಲ್ಲಬಹುದು. ಮಾರ್ಗರೆಟ್ ವಿಷಯದಲ್ಲಿ ನಿಲ್ಲುವುದಿಲ್ಲ. ಮೊದಲ ತಪ್ಪಿನ ಫಲ ತಿಳಿದ ಮೇಲೂ ಮೇಷ್ಟ್ರು ಅದೇ ಅಡ್ಡಗೋಡೆಯನ್ನು ಮತ್ತೆ ಕಟ್ಟುತ್ತಾರೆ, ಅದೂ ತಮ್ಮ ಪ್ರಾಣವನ್ನೇ ಪಣಕ್ಕಿಟ್ಟು.

ಅಲಮೇಲು ಮತ್ತು ಮಾರ್ಗರೆಟ್‌ಳಲ್ಲಿ ಯಾರು ಮೇಲು ಎಂಬುದು ಈ ಚಿತ್ರದ ಇನ್ನೊಂದು ಹಳೆಯ ಜಗಳ. ಆರತಿಯವರ ಅಲಮೇಲುವಿಗೆ ಒಲಿದವರು ಬಹುಶಃ ಹೆಚ್ಚು. ಹಾಡುಗಳ ಬೆಂಬಲ ಅವಳಿಗಿದೆ. ಶುಭ ಅವರ ಮಾರ್ಗರೆಟ್ ಮೊದಲ ಪ್ರೇಕ್ಷಕರಿಗೆ ಸ್ವಲ್ಪ ಮುಂದುವರಿದವಳೆನ್ನಿಸಿದಳು. ಸ್ಕರ್ಟು ತೊಟ್ಟು ನೇರವಾಗಿ ಮಾತಾಡುವ ಕ್ರೈಸ್ತ ಹುಡುಗಿಯನ್ನು ಆಗಿನ ಭಾರತೀಯ ಚಿತ್ರಗಳು ಕ್ಲಬ್ ಕುಣಿತಕ್ಕೆ ಮೀಸಲಿಡುತ್ತಿದ್ದವು. ಇಲ್ಲಿ ಅವಳು ನಾಯಕಿ. ಕೊನೆಯವರೆಗೂ ಮಾತು ತಪ್ಪದವಳು. ವರದ ತಪ್ಪಿದ, ಮೇಷ್ಟ್ರು ತಪ್ಪಿಸಿದರು, ಅಲಮೇಲು ಸುಮ್ಮನಾದಳು. ರಾಮಾಚಾರಿಯ ಕೈಬಿಡದೆ ನಿಂತವಳು ಇವಳೊಬ್ಬಳೇ. ಹೊಸ ತಲೆಮಾರಿನ ಒಲವು ಇತ್ತ ವಾಲಿದ್ದಕ್ಕೆ ಸಾಕ್ಷಿ 2014ರ ‘ಮಿಸ್ಟರ್ ಅಂಡ್ ಮಿಸಸ್ ರಾಮಾಚಾರಿ’. ಅದರ ನಾಯಕ ವಿಷ್ಣುವರ್ಧನ್ ಅಭಿಮಾನಿ, ‘ನಾಗರಹಾವು’ ನೋಡಿ ರಾಮಾಚಾರಿಯಾದವನು. ಅವನು ತನ್ನ ಹುಡುಗಿಯನ್ನು ಕರೆಯುವುದು ಮಾರ್ಗರೆಟ್ ಎಂದು, ಅಲಮೇಲು ಎಂದಲ್ಲ. ಆ ಚಿತ್ರ ಸುಖಾಂತ್ಯ ಕಂಡಿತು, ಚೆನ್ನಾಗಿಯೂ ಓಡಿತು.

ಮುಕ್ತಾಯದ ಬಗ್ಗೆ ಆಕ್ಷೇಪ ಎತ್ತಿದವರು ಎರಡು ತೆರ. ಒಂದು, ಪ್ರೇಮಿಗಳನ್ನು ಸಾಯಿಸಿ ಸಮಾಜವನ್ನು ಬೈಯುವುದು ಸುಲಭದ ದಾರಿ, ಬದುಕಿಸಿ ತೋರಿಸಬೇಕಿತ್ತು ಎನ್ನುವವರು. ತೆಲುಗಿನ ‘ಮರೋಚರಿತ್ರ’ (1978), ಅದರ ಹಿಂದಿ ರೂಪ ‘ಏಕ್ ದೂಜೆ ಕೇ ಲಿಯೇ’ (1981) ಇದೇ ದಾರಿ ಹಿಡಿದು ಜನಪ್ರಿಯವಾದಾಗ ಈ ಆಕ್ಷೇಪಕ್ಕೆ ಇನ್ನಷ್ಟು ಬಲ ಬಂತು. ಇನ್ನೊಂದು, ಮೇಷ್ಟ್ರ ಸಾವೇ ಸಾಕಾಗಿತ್ತು ಎನ್ನುವವರು. ಗುರುವನ್ನು ಕೊಂದ ಪಾಪ ಹೊತ್ತು ರಾಮಾಚಾರಿ ಬದುಕಿ ಉಳಿಯುವುದೇ ನಿಜವಾದ ಶಿಕ್ಷೆಯಾಗುತ್ತಿತ್ತು ಎಂಬ ಇವರ ಮಾತಿನಲ್ಲಿ ಕಾವ್ಯಪ್ರಜ್ಞೆ ಇದೆ. ಆದರೆ ಅಂಥ ರಾಮಾಚಾರಿ ತ.ರಾ.ಸು. ಅವರವನೂ ಅಲ್ಲ, ಪುಟ್ಟಣ್ಣನವರವನೂ ಅಲ್ಲ. ಕೊಟ್ಟ ಪೆಟ್ಟನ್ನು ತಾನೂ ತಿನ್ನುವ ಸ್ವಭಾವ ಅವನದು. ಮೊದಲ ದೃಶ್ಯದಿಂದಲೂ ಅವನಿಗೆ ನಡುದಾರಿ ಗೊತ್ತಿಲ್ಲ.

ಕಥೆಗೆ ಸಂಬಂಧವಿಲ್ಲದ ಒಂದು ಹಾಡು ಈ ಚಿತ್ರದ ಅತಿ ಹೆಚ್ಚು ನೆನಪಿನಲ್ಲುಳಿದ ಭಾಗವಾಗಿದೆ ಎಂಬುದು ವಿಚಿತ್ರ ಸತ್ಯ. ಹೈದರಾಲಿಯ ಸೈನಿಕರು ಕಳ್ಳಗಿಂಡಿಯಲ್ಲಿ ನುಸುಳುವಾಗ ಒನಕೆ ಹಿಡಿದು ನಿಂತ ಕಾವಲುಗಾರನ ಹೆಂಡತಿ ಓಬವ್ವನಾಗಿ ಜಯಂತಿ ಬಂದುಹೋಗುವುದು ಒಂದೇ ಹಾಡಿನಲ್ಲಿ. ಪ್ರೇಮಕಥೆಯ ಲಯ ಕೆಡುತ್ತದೆ ಎಂಬ ಟೀಕೆ ನ್ಯಾಯವಾದದ್ದೇ. ಆದರೂ ದುರ್ಗದ ಕೋಟೆಗೆ ಶಾಲಾ ಪ್ರವಾಸ ಬರುವ ಮಕ್ಕಳು ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತಾಗ ಅವರ ಕಣ್ಣಮುಂದೆ ಬರುವುದು ಜಯಂತಿಯ ಮುಖ, ಕಿವಿಯಲ್ಲಿ ಕೇಳುವುದು ಆ ಹಾಡು. ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ನಾಡಿಗೆಲ್ಲ ಅವಳ ಹೆಸರು ಹಬ್ಬಿಸಿದ ಕೆಲಸವನ್ನು ಅಷ್ಟು ಹೊತ್ತಿಗೆ ಸಿನಿಮಾ ಮಾಡಿ ಮುಗಿಸಿತ್ತು.

ಬೇರೆ ಭಾಷೆಯ ಪ್ರೇಕ್ಷಕರು ಕೊಟ್ಟ ತೀರ್ಪು ಚಿಕ್ಕದು. 1974ರಲ್ಲಿ ತೆಲುಗಿನ ‘ಕೋಡೆನಾಗು’ ಬಂತು. ಶೋಭನ್ ಬಾಬು ನಾಯಕ, ಮೇಷ್ಟ್ರ ಪಾತ್ರದಲ್ಲಿ ಗೀತರಚನೆಕಾರ ಆತ್ರೇಯ. ತಮಿಳಿನಲ್ಲಿ ‘ರಾಜನಾಗಂ’. ಹಿಂದಿಯ ‘ಜಹರೀಲಾ ಇನ್ಸಾನ್’ ಅನ್ನು ಪುಟ್ಟಣ್ಣನವರೇ ನಿರ್ದೇಶಿಸಿದರು. ‘ಬಾಬಿ’ಯ ಗೆಲುವಿನ ಬೆನ್ನಿಗೆ ಬಂದ ರಿಷಿ ಕಪೂರ್ ನಾಯಕ, ಪ್ರಾಣ್ ಮಾಸ್ತರ್, ಆರ್.ಡಿ. ಬರ್ಮನ್ ಸಂಗೀತ. ಎಲ್ಲ ಇದ್ದೂ ಚಿತ್ರ ಸೋತಿತು. ಕಿಶೋರ್ ಕುಮಾರ್ ಹಾಡಿದ ಒಂದು ಹಾಡು ಮಾತ್ರ ಉಳಿಯಿತು. ‘ಬಾಬಿ’ಯ ಮುದ್ದು ಹುಡುಗನಲ್ಲಿ ಹಾವಿನ ಸಿಟ್ಟನ್ನು ಪ್ರೇಕ್ಷಕ ನಂಬಲಿಲ್ಲ ಎಂಬುದು ಸಾಮಾನ್ಯ ವಿವರಣೆ. ಮೇಷ್ಟ್ರು ಎಂಬ ಸಂಬಂಧಕ್ಕೆ ಕನ್ನಡ ಊರುಗಳಲ್ಲಿದ್ದ ತೂಕ ಹೊರಗಿನವರಿಗೆ ದಕ್ಕಲಿಲ್ಲ ಎಂಬುದೂ ಅಷ್ಟೇ ನಿಜ. ಆ ತೂಕವಿಲ್ಲದಿದ್ದರೆ ರಾಮಾಚಾರಿ ಪ್ರೀತಿ ಬಿಟ್ಟುಕೊಡುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಚಿತ್ರಮಂದಿರದ ನಂತರ ‘ನಾಗರಹಾವು’ ದೂರದರ್ಶನದ ಕನ್ನಡ ಚಿತ್ರವಾಗಿ, ಕ್ಯಾಸೆಟ್ಟುಗಳಾಗಿ, ಖಾಸಗಿ ವಾಹಿನಿಗಳ ಮಧ್ಯಾಹ್ನದ ಚಿತ್ರವಾಗಿ ಮನೆಗೆ ಬಂತು. ಮನೆಯಲ್ಲಿ ನೋಡುವಾಗ ಅಭಿಪ್ರಾಯ ಹುಟ್ಟುವ ಬಗೆಯೇ ಬೇರೆ. ಕತ್ತಲಲ್ಲಿ ಅಪರಿಚಿತರ ಜೊತೆ ಅಳುವುದಕ್ಕೂ, ಅಪ್ಪ-ಅಮ್ಮನ ಜೊತೆ ಕೂತು ಪ್ರೀತಿ ಬಿಡು ಎನ್ನುವ ಹಿರಿಯನನ್ನು ನೋಡುವುದಕ್ಕೂ ಅಂತರವಿದೆ. ಮೇಷ್ಟ್ರು ಮಾಡಿದ್ದು ತಪ್ಪು ಎಂಬ ಮಾತು ಹೆಚ್ಚಾಗಿ ಇಂಥ ನಡುಮನೆಗಳಲ್ಲೇ ಎದ್ದದ್ದು. ಅದು ಮೇಷ್ಟ್ರಿಗೆ ಎಷ್ಟು ಹೇಳಿದ್ದು, ಪಕ್ಕದಲ್ಲಿ ಕೂತವರಿಗೆ ಎಷ್ಟು ಹೇಳಿದ್ದು ಎಂದು ಬೇರ್ಪಡಿಸುವುದು ಕಷ್ಟ.

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು. ಮೂರೇ ವಾರದಲ್ಲಿ, 2010ರ ಜನವರಿಯಲ್ಲಿ, ಅಶ್ವತ್ಥ್. ಆ ಬಳಿಕ ಈ ಚಿತ್ರದ ಕುರಿತ ಮಾತುಗಳಲ್ಲಿ ಅಭಿಮಾನದ ಪಾಲು ಹೆಚ್ಚಾಯಿತು, ವಿಮರ್ಶೆಯದು ಕಡಿಮೆಯಾಯಿತು. 2016ರಲ್ಲಿ ಇದೇ ಹೆಸರಿನ ಬೇರೊಂದು ಚಿತ್ರ ಗ್ರಾಫಿಕ್ಸ್‌ನಲ್ಲಿ ವಿಷ್ಣುವರ್ಧನ್‌ರನ್ನು ಮರುಸೃಷ್ಟಿಸಿತು. ಹಳೆಯ ಕಥೆಗೂ ಅದಕ್ಕೂ ನಂಟಿಲ್ಲ. 2018ರ ಜುಲೈನಲ್ಲಿ ವೀರಾಸ್ವಾಮಿಯವರ ಕುಟುಂಬದವರು ಮೂಲ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದು, ಶಬ್ದವನ್ನು 7.1ಕ್ಕೆ ಹೊಂದಿಸಿ ಮರುಬಿಡುಗಡೆ ಮಾಡಿದರು.

ಹೊಸ ಶಬ್ದದ ಬಗ್ಗೆ ಹಳಬರಿಗೆ ಸಮಾಧಾನವಿತ್ತು. ಮೊದಲ ಸಲ ನೋಡಿದ ಯುವಕ-ಯುವತಿಯರ ಪ್ರಶ್ನೆಗಳೇ ಬೇರೆ. ಜಲೀಲ ಅಲಮೇಲುವಿನ ಬೆನ್ನುಹತ್ತುವುದನ್ನು ತಮಾಷೆಯೆಂದು ಅವರು ಒಪ್ಪುವುದಿಲ್ಲ. ಒಬ್ಬನ ಕಾಟ ತಪ್ಪಿಸಿದ್ದಕ್ಕೆ ಇನ್ನೊಬ್ಬನಿಗೆ ತಂಗಿಯನ್ನು ಬಹುಮಾನವಾಗಿ ಕೊಡುವ ಅಣ್ಣನ ಮಾತು ಅವರಿಗೆ ಮೊದಲ ಅಪರಾಧವಾಗಿ ಕಾಣುತ್ತದೆ. ಅಂದರೆ ವಿಚಾರಣೆ ಮೇಷ್ಟ್ರಿಂದ ವರದನವರೆಗೆ, ವರದನಿಂದ ರಾಮಾಚಾರಿಯವರೆಗೆ ಹಿಂದಕ್ಕೆ ಸರಿದಿದೆ. ಪ್ರೀತಿಸಿದ ಮೇಲೆ ಅಲಮೇಲುವನ್ನು ಒಂದು ಮಾತೂ ಕೇಳದೆ ಬಿಟ್ಟುಕೊಡಲು ರಾಮಾಚಾರಿಗೇನು ಹಕ್ಕಿತ್ತು ಎಂದು ಅವರು ಕೇಳುತ್ತಾರೆ. 1973ರಲ್ಲಿ ಗಾಂಧಿ ಕ್ಲಾಸಿನಿಂದ ಶಿಳ್ಳೆ ಹೊಡೆದವರು, ಈಗ ಮೊಮ್ಮಕ್ಕಳನ್ನು ಕರೆದುಕೊಂಡು ಬಂದವರು, ಇದಕ್ಕೆ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಮೇಷ್ಟ್ರು ಹೇಳಿದ್ದರಲ್ಲ.